ಹಳೇ ಫೋನಿನ ಐದು ಜುಮಾಗಿ

ಅಬಿಡ್ಸ್ ಹಿಂದಿನ ನಮ್ಮ ಮೊಬೈಲ್ ಗಲ್ಲಿಯಲ್ಲಿ ಹೊಸ ಅಪ್‌ಡೇಟ್ ಬಂದ ದಿನವೆಂದರೆ ಈದಿನ ಚಂದ್ರ ಕಂಡ ಹಾಗೆ. ಶಟರ್ ಎತ್ತುವ ಮೊದಲೇ ಜನ ನಿಂತಿರುತ್ತಾರೆ. ಪ್ರಶ್ನೆ ಒಂದೇ: "ನನ್ನ ಫೋನಿಗೆ ಬರ್ತದಾ?" ಉತ್ತರ ಹೇಳುವವನೂ ಒಬ್ಬನೇ, ಖುದ್ದೂಸ್. ಅವನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಹದಿನಾಲ್ಕು ವರ್ಷದಿಂದ ಅವನು ಆ ಕಡೆ ಸೀನಿದರೆ ಈ ಕಡೆ ನನ್ನ ಸ್ಕ್ರೂಗಳು ಉರುಳುತ್ತವೆ.

ಹಕೀಮ ನಾಡಿ ಹಿಡಿದ ಹಾಗೆ ಅವನು ಫೋನನ್ನು ತಿರುಗಿಸಿ ಬೆನ್ನು ನೋಡುತ್ತಿದ್ದ. "ಚಾರ್ಜ್ ಎಂಬತ್ತಕ್ಕ ನಿಲ್ಲೂದು ಬರ್ತದ. ಹೊಸ ಗಡಿಯಾರ ಬರ್ತದ. ಮಾತಾಡಿದ್ದು ತಾನೇ ಬರ್ಕೊಳ್ಳೂದೂ ಬರ್ತದ, ಆದ್ರ ನಿಧಾನ. ಫೋಟೋದಾಗಿನ ಮಂದೀನ ಅಳಸೂದು ಮಾತ್ರ ಬರಲ್ಲ ಆಪಾ, ಅದಕ್ಕ ಹೊಸ ಚಿಪ್ಪೇ ಬೇಕು."

"ಅಪ್‌ಡೇಟ್ ಮಾಡಿದ್ರೂ ಬರಲ್ಲೇನು?" ಎನ್ನುತ್ತಿದ್ದಳು ಗಿರಾಕಿ ಹೆಂಗಸು.

"ಮುದುಕಗ ಹೊಸ ಶೇರ್ವಾನಿ ಹೊಲಿಸಿದ್ರ ಹಲ್ಲು ಹುಟ್ಟತಾವೇನು, ಆಪಾ?"

ಮಾತು ಸಾಲದಾದಾಗ ರಟ್ಟಿನ ಮೇಲೆ ಪಟ್ಟಿ ಬರೆದು ಶಟರಿಗೆ ಅಂಟಿಸುತ್ತಿದ್ದ. ಯಾವ ಮಾಡಲ್ಲಿಗೆ ಯಾವುದು ಬರುತ್ತದೆ ಎನ್ನುವುದು ಹಸಿರು ಶಾಯಿಯಲ್ಲಿ, ಬರುವುದಿಲ್ಲ ಎನ್ನುವುದು ಕೆಂಪಿನಲ್ಲಿ. ಜನ ಅದರ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ನಾವು ಉಳಿದ ಅಂಗಡಿಯವರು ಗಿರಾಕಿಗೆ ಆಸೆ ತೋರಿಸಿ ಏನೋ ಒಂದು ಮಾರುತ್ತಿದ್ದೆವು. ಖುದ್ದೂಸನ ಪಟ್ಟಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಇಂಥವನು ಒಂದೇ ಒಂದು ಸುಳ್ಳು ಹೇಳಿದ. ತಂಗಿ ಸಬೀಹಾಳಿಗಾಗಿ ಹೇಳಿದ.

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವಳಿಗೆ ಏಳು. ಜಡೆ ಹಾಕುವುದನ್ನು ಅವನು ಪಕ್ಕದ ಮನೆಯ ಹೆಂಗಸರಿಂದ ಕಲಿತ. ತನ್ನ ಮದುವೆಯನ್ನು ಮುಂದೆ ಹಾಕುತ್ತ ಹಾಕುತ್ತ ಮರೆತೇಬಿಟ್ಟ. ಇಪ್ಪತ್ಮೂರಕ್ಕೆ ಅವಳಿಗೆ ಟೋಲಿಚೌಕಿಯ ಸಂಬಂಧ ಕೂಡಿಬಂತು. ಹುಡುಗ ವಜಾಹತ್, ಟೈಲ್ಸ್ ಶೋರೂಮಿನಲ್ಲಿ ಕೆಲಸ, ನಗುವಾಗ ಒಂದು ಹುಬ್ಬು ಮಾತ್ರ ಏರುತ್ತಿತ್ತು. "ನಮಗೇನೂ ಬ್ಯಾಡ, ಹುಡುಗಿ ಕೊಟ್ರ ಸಾಕು" ಎಂದಳು ಅವನ ತಾಯಿ ತಸ್ನೀಮ್ ಬೇಗಂ. ಆ ಮಾತು ಕೇಳಿದ ಮೇಲೇ ಹೆಣ್ಣಿನ ಕಡೆಯವರಿಗೆ ಭಯ ಶುರುವಾಗುವುದು.

ನಿಕಾಹಿಗೆ ವಾರ ಇರುವಾಗ ವಜಾಹತನ ಅಕ್ಕ ಅಂಜುಮ್ ಅಂಗಡಿಗೇ ಬಂದಳು. ತನ್ನ ಹೊಸ ಫೋನನ್ನು ಗಾಜಿನ ಮೇಲಿಟ್ಟಳು. "ಸಲಾಮಿಗೆ ಮದುಮಗಗ ಏನರ ಕೊಡಬೇಕಂತ ಮನಸಿದ್ರ ಇಂಥಾದ್ದು ಕೊಡ್ರಿ, ಖುದ್ದೂಸ್ ಭಾಯ್. ಕಮ್ಮಿದು ಕೊಟ್ರ ನಮ್ಮ ತಮ್ಮ ಮುಟ್ಟಂಗಿಲ್ಲ. ಅವ ಹಂಗೇ, ಸಣ್ಣವಿದ್ದಾಗಿಂದ."

ನಮ್ಮ ಗಲ್ಲಿಯಲ್ಲಿ ಬಾಡಿ ಬದಲಿಸುವುದು ಎಂಬ ಒಂದು ಕೆಲಸವಿದೆ. ಐದು ವರ್ಷ ಹಳೆಯ ಫೋನಿನ ಕರುಳು ಕಿತ್ತು ಹೊಸ ಮಾಡಲ್ಲಿನ ಮೈಯೊಳಗೆ ಕೂರಿಸುವುದು. ಕಾಲೇಜು ಹುಡುಗರು ತಿಳಿದೇ ಕೊಳ್ಳುತ್ತಾರೆ, ಗೆಳೆಯರ ಮುಂದೆ ಮೆರೆಯಲಿಕ್ಕೆ. ತಿಳಿಯದವರಿಗೆ ಕೊಟ್ಟರೆ ಅದು ಬೇರೆ ಮಾತು. ಖುದ್ದೂಸ್ ಕರುಳು ಕೂರಿಸಿದ, ಬೆನ್ನಿನ ಮೂರನೆಯ ಕ್ಯಾಮೆರಾ ನಾನು ಅಂಟಿಸಿದೆ. ಅದು ಬರೀ ಗಾಜು, ಹಿಂದೆ ಏನೂ ಇಲ್ಲ. ಸೆಟ್ಟಿಂಗಿನಲ್ಲಿ ಹೆಸರು ಬರೆಯುವ ಜಾಗದಲ್ಲಿ ಹೊಸ ಮಾಡಲ್ಲಿನ ಹೆಸರು ಬರೆದ. ಹಳೇ ಮಾಡಲ್ಲು ತೋರಿಸುವ ಕೆಳಗಿನ ಸಾಲು ಯಾರು ಓದುತ್ತಾರೆ?

"ಒಂದು ವರ್ಷ, ಯಾಖೂಬ್ ಭಾಯ್" ಎಂದ ನನಗೆ. "ವರ್ಷದಾಗ ಅಸಲಿದು ತರ್ತೀನಿ. ಸರ್ವಿಸಿಗಂತ ಇಸ್ಕೊಂಡು ಬದಲಿ ಮಾಡಿ ಕೊಡ್ತೀನಿ."

"ಅಷ್ಟರಾಗ ಗೊತ್ತಾದ್ರ?"

"ಗೊತ್ತಾದ್ರ ಆ ಮನಿ ಮೆಟ್ಟಲ ಹತ್ತೂದು ಮುಗೀತು. ಸಬೀಹಾನ ಮಾರಿ ನೋಡೂದೂ ಮುಗೀತು."

ಮದುವೆಯಾಯಿತು, ಆ ಫೋನು ಸಲಾಮಿಯಾಗಿ ವಜಾಹತನ ಕೈ ಸೇರಿತು. ಆಮೇಲೆ ಜುಮಾಗಿ. ಐದು ಶುಕ್ರವಾರ ಹೆಣ್ಣಿನ ಕಡೆಯವರು ಅಳಿಯನ ಮನೆಯವರನ್ನು ಕರೆದು ಉಣ್ಣಿಸಬೇಕು. ಖುದ್ದೂಸನಿಗೆ ಬೇರೆ ಬಳಗವಿಲ್ಲವೆಂದು ಐದೂ ಅವನ ತಾಲಾಬ್‌ಕಟ್ಟಾದ ಎರಡು ಕೋಣೆಯ ಮನೆಯಲ್ಲೇ ನಡೆದವು. ನಾನೇ ಅವನ ಬಳಗ, ಐದಕ್ಕೂ ಹೋದೆ. ಮೊದಲನೆಯ ಶುಕ್ರವಾರ ವಜಾಹತ್ ಫೋನನ್ನು ಊಟಕ್ಕೆ ಹಾಸಿದ ದಸ್ತರ್ಖಾನಿನ ಮೇಲೆ ಪಕ್ಕದಲ್ಲಿ ಮಲಗಿಸಿಕೊಂಡು ಉಂಡ. ಎಲುಬು ಚೀಪುವ ನಡುವೆ ಎಡಗೈಯಿಂದ ಅದನ್ನು ಸವರುತ್ತಿದ್ದ.

ಎರಡನೆಯ ವಾರ ಅಪ್‌ಡೇಟ್ ಬಂತು. ಫೋಟೋದಲ್ಲಿ ಬೇಡದವರ ಸುತ್ತ ಬೆರಳಾಡಿಸಿದರೆ ಅವರು ಮಾಯ, ಅವರು ನಿಂತ ಜಾಗವನ್ನು ಫೋನೇ ತುಂಬುತ್ತದೆ. ಊರಿಗೆ ಊರೇ ಅದನ್ನು ಆಡತೊಡಗಿತು.

"ಅಂಜುಮ್ ಆಪಾಂದರಾಗ ಬಂದದ. ನಂದರಾಗ ಬಂದಿಲ್ಲ" ಎಂದ ವಜಾಹತ್ ಆ ಶುಕ್ರವಾರ.

"ದೂಲ್ಹೇ ಮಿಯಾ, ಎಲ್ಲಾರಿಗೂ ಒಂದೇ ದಿನ ಬರಲ್ಲ. ಪಾಳಿ ಪ್ರಕಾರ ಬರ್ತದ" ಎಂದ ಖುದ್ದೂಸ್. ಗಿರಾಕಿಗಳಿಗೆ ಆ ಮಾತು ಅವನು ಎಂದೂ ಹೇಳಿದವನಲ್ಲ.

ಮೂರನೆಯ ಶುಕ್ರವಾರ ವಜಾಹತ್ ಒಂದು ಫೋಟೋ ತೆರೆದು ಹಿಡಿದ. ಖುದ್ದೂಸನದೇ ಪಟ್ಟಿ, ಶಟರಿನ ಮೇಲಿನದು. "ಇಲ್ಲಿ ನಿಮ್ಮ ಕೈಲೇ ಬರ್ದೀರಿ. ನನ್ನ ಮಾಡಲ್ಲಿಗೆ ಹಸರು ಶಾಯಿ. ಮೊದಲ ದಿನಾನೇ ಬರ್ತದಂತ. ನಿಮ್ಮ ಪಟ್ಟಿ ಸುಳ್ಳೋ, ನನ್ನ ಫೋನ್ ಸುಳ್ಳೋ?"

ಖುದ್ದೂಸ್ ನೀರಿನ ಜಗ್ಗು ಕೆಳಗಿಟ್ಟ. ಗಲ್ಲಿಯ ಗಿರಾಕಿಗಳಿಗೆಂದು ಅಂಟಿಸಿದ ಪಟ್ಟಿಯನ್ನು ಟೋಲಿಚೌಕಿಯವರೂ ಓದಬಹುದು ಎಂಬುದು ಆ ಜಾಣನ ತಲೆಗೆ ಹೊಳೆದಿರಲಿಲ್ಲ. "ಜಾಗ ತುಂಬಿರ್ಬೇಕು. ಫೋಟೋ ಕಮ್ಮಿ ಮಾಡ್ರಿ" ಎಂದ. ಚಾರ್ಜ್ ಎಂಬತ್ತಕ್ಕೆ ನಿಲ್ಲುವುದನ್ನು ತೋರಿಸಿದ, ಹೊಸ ಗಡಿಯಾರ ತೋರಿಸಿದ. ವಜಾಹತ್ ಒಂದು ಹುಬ್ಬು ಏರಿಸಿ ನೋಡಿದ. ನಾಲ್ಕನೆಯ ಶುಕ್ರವಾರ ಅವನು ಏನೂ ಕೇಳಲಿಲ್ಲ. ಅಳಿಯ ಮರೆತ ಎಂದು ಖುದ್ದೂಸ್ ಮರುದಿನ ಗಲ್ಲಿಗೆಲ್ಲ ಚಹಾ ಕುಡಿಸಿದ.

ಐದನೆಯದಕ್ಕೆ ಎರಡು ದಿನವಿರುವಾಗ, ಬುಧವಾರ, ಸಬೀಹಾ ಒಬ್ಬಳೇ ಅಂಗಡಿಗೆ ಬಂದಳು. ಬುರ್ಖಾದ ಮುಸುಕು ಮೇಲೆತ್ತಿ ಸ್ಟೂಲಿನ ಮೇಲೆ ಕುಂತಳು. ಕಣ್ಣ ಕೆಳಗೆ ಕಪ್ಪು.

"ಭಾಯ್ಜಾನ್, ನನಗ ನಿಜ ಹೇಳ್ರಿ. ಅಡಿಗಿ ಮನ್ಯಾಗ, ಬಟ್ಟಿ ಒಗ್ಯೂವಾಗ, ಎಲ್ಲೆಲ್ಲೂ ಅತ್ತಿ ಮನಿಯವರು ಅದೇ ಕೇಳ್ತಾರ. ನಿಮ್ಮಣ್ಣಗ ಬರದೇ ಇರೂದು ಫೋನಿನಾಗ ಏನದ ಅಂತಾರ."

"ನೀ ಯಾರಿಗೂ ಹೇಳಬ್ಯಾಡ."

"ನಾ ಯಾರಿಗ ಹೇಳ್ಲಿ? ನನಗ ಯಾರದಾರ?"

ಅವನು ಹೇಳಿಬಿಟ್ಟ. ಬಾಡಿ, ಚಿಪ್ಪು, ಗಾಜಿನ ಕ್ಯಾಮೆರಾ, ಎಲ್ಲ. ಹಲಗೆಯ ಈ ಕಡೆ ನಾನು ಎಲ್ಲ ಕೇಳಿಸಿಕೊಂಡೆ. ಅವಳು ಮೊದಲು ನಕ್ಕಳು, ಸಣ್ಣವಳಿದ್ದಾಗ ನಗುತ್ತಿದ್ದ ಹಾಗೆ, ಬಾಯಿಗೆ ಕೈ ಅಡ್ಡ ಹಿಡಿದು. ಆಮೇಲೆ ಮುಸುಕು ಇಳಿಸಿಕೊಂಡು ಹೋದಳು.

ಶುಕ್ರವಾರ ಖುದ್ದೂಸ್ ನಸುಕಿಗೇ ಎದ್ದು ತಾನೇ ಬಿರಿಯಾನಿಗೆ ದಮ್ ಕೊಟ್ಟ. ನಮಾಜು ಮುಗಿಸಿ ಅವರು ಬಂದರು: ತಸ್ನೀಮ್ ಬೇಗಂ, ಅಂಜುಮ್, ವಜಾಹತ್, ಸಬೀಹಾ. ಕೂತ ಕೂಡಲೇ ಅಂಜುಮ್ ಮದುವೆಯ ಫೋಟೋಗಳನ್ನು ತೆರೆದಳು. ತಾಯಿ ಮಗಳು ಆಟ ಶುರುಮಾಡಿದರು.

"ಈ ವೇಟರ್‌ನ ತಗಿ."

"ತಗದೆ."

"ಈ ಕುರ್ಚಿ. ಈ ದಪ್ಪ ಹೆಂಗ್ಸು ಯಾರದು, ನಮ್ಮವಳಾ? ನಮ್ಮವಳಾದ್ರೂ ತಗಿ."

ವಜಾಹತ್ ತನ್ನ ಫೋನನ್ನು ತಟ್ಟೆಯ ಪಕ್ಕ ಬೋರಲು ಇಟ್ಟ. "ಖುದ್ದೂಸ್ ಭಾಯ್, ಇವತ್ತು ಕಡೀ ಜುಮಾಗಿ. ಇವತ್ತರ ನಂದರಾಗ ಅದನ್ನ ಬರಸ್ರಿ. ಬರಲಿಲ್ಲಂದ್ರ ಸಬೀಹಾ ಇಲ್ಲೇ ಇರ್ಲಿ. ಬಂದ ದಿನ ಫೋನ್ ಮಾಡ್ರಿ, ಕರ್ಕೊಂಡು ಹೋಗ್ತೀನಿ."

ಅಂಜುಮ್ ಬೆರಳು ಆಡಿಸುವುದನ್ನು ನಿಲ್ಲಿಸಿದಳು. ಎಲ್ಲರಿಗೂ ತಿಳಿಯಿತು, ಇದು ತಮಾಷೆಯಲ್ಲ. ಮದುವೆಯಾಗಿ ಐದು ವಾರಕ್ಕೆ ತವರಿಗೆ ಬಿಟ್ಟುಹೋದ ಹುಡುಗಿಯನ್ನು ನಮ್ಮ ಓಣಿ ಹೇಗೆ ನೋಡುತ್ತದೆಂದು ಸಬೀಹಾಳಿಗೆ ಗೊತ್ತಿತ್ತು.

ಖುದ್ದೂಸ್ ಹಣೆಯ ಬೆವರು ಒರೆಸಿಕೊಂಡ. "ದೂಲ್ಹೇ ಮಿಯಾ, ಈ ವಾರ ಏನೋ ತೊಂದ್ರಿ ಆಗೇದಂತ, ಕಂಪನೀದವರೇ..."

"ಸುಳ್ಳ್ಯಾಕ ಹೇಳ್ತೀರಿ, ಭಾಯ್ಜಾನ್?"

ಸಬೀಹಾ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸಿಹಿತಿಂಡಿ ಖುಬಾನಿ ಕಾ ಮೀಠಾದ ಬೋಗುಣಿ. "ಅದು ಬರಂಗಿಲ್ಲ. ಐದು ವರ್ಷದ ಹಳೇ ಫೋನ್ ಅದು. ಮ್ಯಾಲ ಹೊಸ ಬಾಡಿ ಹಾಕ್ಯಾರ. ಮೂರನೇ ಕ್ಯಾಮೆರಾ ಬರೀ ಗಾಜು. ಬುಧವಾರ ನನ್ನ ಮುಂದ ಎಲ್ಲಾ ಒಪ್ಕೊಂಡಾರ."

ನಾನು ನನ್ನ ತಟ್ಟೆಯೊಳಗಿನ ಎಲುಬನ್ನೇ ನೋಡುತ್ತ ಕೂತೆ. ಅಂಟಿಸಿದ ಕೈ ನನ್ನದೆಂದು ಹೇಳಬೇಕಿತ್ತು, ಹೇಳಲಿಲ್ಲ.

ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಅಂಜುಮ್ ನಗಲು ಶುರುಮಾಡಿದಳು. ಆಮೇಲೆ ವಜಾಹತ್. ಆಮೇಲೆ ತಸ್ನೀಮ್ ಬೇಗಂ, ಹೊಟ್ಟೆ ಹಿಡಿದುಕೊಂಡು.

"ಮೂರನೇ ಜುಮಾಗಿ ಮರುದಿನಾನೇ ನಮ್ಮ ಓಣಿಯಾಗ ಬಿಚ್ಚಿಸಿ ನೋಡಿದ್ವಿ, ಭಾಯ್" ಎಂದ ವಜಾಹತ್ ಕಣ್ಣು ಒರೆಸಿಕೊಳ್ಳುತ್ತ. "ಬಿಚ್ಚಿದವ ನಿಮ್ಮ ಕೆಲಸ ಭಾಳ ಹೊಗಳಿದ. ಉಸ್ತಾದನ ಕೈ ಅದ ಅಂದ."

"ಮತ್ತ... ಗೊತ್ತಿದ್ರೂ ನೀವು..." ಎಂದ ಖುದ್ದೂಸ್.

"ಬಿರಿಯಾನಿ ಚಲೋ ಮಾಡ್ತೀರಿ. ಎರಡು ಶುಕ್ರವಾರ ಯಾಕ ಬಿಡಬೇಕು?"

ತಸ್ನೀಮ್ ಬೇಗಂ ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಾವು ನೋಡಬೇಕಿದ್ದದ್ದು ಫೋನ್ ಅಲ್ಲ. ಈಕೀನ್ನ. ಈ ಹುಡುಗಿ ಯಾರ ಕಡಿ ಅಂತ. ಬುಧವಾರ ನಾವೇ ಕಳಿಸಿದ್ವಿ. ಬಂದು ಎರಡು ದಿನ ಬಾಯಿ ಬಿಡಲಿಲ್ಲ. ಹೋತು ಇದು, ಅಣ್ಣಂದೇ ಆತು ಅಂದ್ಕೊಂಡಿದ್ದೆ." ಅವಳ ಗಲ್ಲ ತಟ್ಟಿದಳು. "ಇವತ್ತ ನಮ್ಮಾಕಿ ಆದಳು."

ಸಬೀಹಾ ಬಯಲು ಮಾಡಿದ್ದು ಎಲ್ಲರಿಗೂ ಗೊತ್ತಿದ್ದದ್ದನ್ನು. ಬಾಯಿ ಮುಚ್ಚಿಕೊಂಡಿದ್ದರೂ ಫೋನಿನ ಕಥೆ ಅಷ್ಟೇ ಇರುತ್ತಿತ್ತು. ಅಣ್ಣನ ಕಡೆ ತಿರುಗಬಹುದಿತ್ತು. ತಿರುಗಲಿಲ್ಲ. ಅತ್ತೆಯ ಭುಜಕ್ಕೆ ಒರಗಿದಳು.

"ಹಂಗಾದ್ರ ತಗೋ" ಎಂದು ಅಂಜುಮ್ ತನ್ನ ಫೋನನ್ನು ಅವಳ ಮಡಿಲಿಗೆ ಹಾಕಿದಳು. ನಿಕಾಹಿನ ದಿನದ ಫೋಟೋ. ಕೆಂಪು ಬಟ್ಟೆಯಲ್ಲಿ ಸಬೀಹಾ, ಪಕ್ಕದಲ್ಲಿ ವಜಾಹತ್, ಹಿಂದೆ ಖುದ್ದೂಸ್, ಒಂದು ಕೈ ಅವಳ ಭುಜದ ಮೇಲೆ. "ನಿಮ್ಮ ಜೋಡಿ ಫೋಟೋದಾಗ ಸುಳ್ಳ ಹೇಳೋ ಮಂದಿ ಯಾಕ? ನೀನೇ ತಗಿ."

"ಆಪಾ..."

"ಬೆರಳು ಸುತ್ತ ಆಡಿಸು. ಅದರಾಗ ಬರ್ತದ. ಅದು ಅಸಲಿದು."

ಖುದ್ದೂಸ್ ಎದುರಿಗೇ ಕೂತಿದ್ದ. ಎದ್ದು ಹೋಗಬಹುದಿತ್ತು, ಆದರೆ ಮನೆಯೂ ಅವನದು, ಊಟವೂ ಅವನದು, ಬಡಿಸುವವನು ಎಲ್ಲಿಗೆ ಏಳುತ್ತಾನೆ? ಸಬೀಹಾ ಬೆರಳು ಇಟ್ಟಳು. ಅವನ ಟೋಪಿಯಿಂದ ಶುರುಮಾಡಿ, ಕಿವಿ, ಗಡ್ಡ, ಹೆಗಲು, ಶೇರ್ವಾನಿಯ ಅಂಚು, ನಿಧಾನವಾಗಿ, ರಂಗೋಲಿ ಬಿಡಿಸಿದಂತೆ ಸುತ್ತಿ ಬಂದಳು. ಎತ್ತಿದಳು. ಅಣ್ಣ ನಿಂತಲ್ಲಿ ಮಲ್ಲಿಗೆಯ ಪರದೆ ತೂಗುತ್ತಿತ್ತು.

"ಬೆರಳು ಉಳದಾವ ನೋಡು" ಎಂದಳು ಅಂಜುಮ್ ಬಗ್ಗಿ.

ಹೌದು. ಸಬೀಹಾಳ ಭುಜದ ಮೇಲೆ ನಾಲ್ಕು ಬೆರಳು, ಯಾರವೂ ಅಲ್ಲದವು.

"ಹಂಗೇ ಬಿಡ್ಲಾ?" ಎಂದಳು ಸಬೀಹಾ.

"ಅಸಹ್ಯ ಕಾಣ್ತದ" ಎಂದಳು ತಸ್ನೀಮ್ ಬೇಗಂ.

ಸಬೀಹಾ ಎರಡು ಬೆರಳಿಂದ ಫೋಟೋವನ್ನು ದೊಡ್ಡದು ಮಾಡಿದಳು. ಸೋಲ್ಡರಿಂಗಿನ ಸುಟ್ಟ ಕಲೆಯಿದ್ದ ತೋರುಬೆರಳು ಗಾಜಿನ ತುಂಬ ಬಂತು. ಅವಳು ಅದನ್ನು ಉಜ್ಜಿದಳು. ಆಮೇಲೆ ಮುಂದಿನದು. ಆಮೇಲೆ ಅದರ ಮುಂದಿನದು. ನಾಲ್ಕನೆಯದು ಎರಡು ಸಲ ಉಜ್ಜಿದ ಮೇಲೆ ಹೋಯಿತು.

"ಮಾಶಾಅಲ್ಲಾ, ಈಗ ಎಷ್ಟ ಚಂದ ಬಂತು" ಎಂದಳು ಅತ್ತೆ. ಬಟ್ಟಲು ಮುಂದೆ ಮಾಡಿದಳು. ಖುದ್ದೂಸ್ ಎದ್ದು ಎಲ್ಲರಿಗೂ ಖುಬಾನಿ ಬಡಿಸಿದ, ಮೇಲೆ ಕೆನೆ ಹಾಕಿದ. ತಂಗಿಗೆ ಯಾವಾಗಿನಂತೆ ಒಂದು ಚಮಚ ಹೆಚ್ಚು ಹಾಕಿದ.

ಹೊರಡುವಾಗ ವಜಾಹತ್ ತನ್ನ ಸಲಾಮಿಯ ಫೋನನ್ನು ಖುದ್ದೂಸನ ಮನೆಯ ಗೂಟಕ್ಕೆ ನೇತುಬಿದ್ದ ಚೀಲದೊಳಗೆ ಹಾಕಿ, ಚಪ್ಪಲಿ ಮೆಟ್ಟಿದ. ಖುದ್ದೂಸ್ ಅವರ ಹಿಂದೆಯೇ ಕಾರಿನ ತನಕ ಹೋದ. ನಾನು ಹಿಂದೆ ನಿಂತೆ.

"ಬಕ್ರೀದಿಗೆ ಬರ್ಲೇನು, ಸಬೀಹಾ?" ಎಂದು ಕಿಟಕಿಗೆ ಬಗ್ಗಿ ಕೇಳಿದ.

ಉತ್ತರ ತಸ್ನೀಮ್ ಬೇಗಂ ಕೊಟ್ಟಳು. "ನಾವು ಕರದಾಗ ಬರ್ರಿ."

ಸಬೀಹಾ ತಲೆ ಎತ್ತಲಿಲ್ಲ. ಅಂಜುಮಳ ಫೋನಿನ ಗಾಜಿಗೆ ಕೆನೆ ಹತ್ತಿತ್ತು, ಅದನ್ನು ತನ್ನ ಮುಸುಕಿನ ಅಂಚಿನಿಂದ ಒರೆಸುತ್ತಿದ್ದಳು.