ಕಾಫಿ ಕುಡಿದ ಗೋಡೆ

ಪೀಚ್ ಹಣ್ಣಿನ ಸಿಪ್ಪೆ ಸುಲಿದು ಜಾಡಿಗೆ ತುಂಬುತ್ತಿದ್ದೆ. ಬಿಷಪ್ ಆರ್ವಲ್ ಒಳಗೆ ಬಂದವನೇ, ಕೇಳದೆ ಒಂದು ಹೋಳೆತ್ತಿ ಬಾಯಿಗೆ ಹಾಕಿಕೊಂಡ. ಯೂಟಾದ ನಮ್ಮ ಕಣಿವೆಗೆ ಬಿಷಪ್ಪೂ ಅವನೇ, ಅಂಗಡಿಯವನೂ ಅವನೇ, ಅಂಚೆಯವನೂ ಅವನೇ. ನಮ್ಮ ಸಭೆಯ ಹೆಂಗಸರೆಲ್ಲ ಅವನ ಬಾಯಲ್ಲಿ 'ಸಿಸ್ಟರ್'.

"ಮೊಮ್ಮಗಳ ಮದುವೇನ ದೇವಾಲಯದ ಒಳಗೆ ಕೂತು ನೋಡ್ಬೇಕಂದ್ರೆ ನನ್ನ ಚೀಟಿ ಬೇಕಲ್ಲ, ಸಿಸ್ಟರ್ ಮಾರೆನ್. ಕಾಫಿ ಕುಡಿಯೋರಿಗೆ ಸಭೆ ಚೀಟಿ ಕೊಡಲ್ಲ. ಬಿಟ್ರಾ?"

"ಮೊನ್ನೆ ಶನಿವಾರ ನಂಗೆ ಕಾಫಿಬೀಜ ತೂಗಿ ಕೊಟ್ಟಿದ್ದು ಯಾರಪ್ಪಾ, ನಿನ್ನ ದೆವ್ವವಾ?"

"ಅದು ವ್ಯಾಪಾರ. ಇದು ಧರ್ಮ."

ಧರ್ಮವಂತೆ! ಆ ದೇವಾಲಯ ಕಟ್ಟುವಾಗ ನಾವು ಮಾರ್ಮನ್ ಕ್ರೈಸ್ತರು ಹತ್ತು ದಿನಕ್ಕೊಂದು ದಿನ ಬಿಟ್ಟಿ ದುಡಿದವರು. ನನ್ನ ಗಂಡ ಸೋರೆನ್ ಕಲ್ಲು ಕೆತ್ತಿದ. ಚಳಿಗಾಲದ ಬೆಳಗಿನಲ್ಲಿ ನಾನು ದೊಡ್ಡ ಕೆಟಲಿನಲ್ಲಿ ಕಾಫಿ ಹೊತ್ತು ಅಟ್ಟಣಿಗೆ ಹತ್ತುತ್ತಿದ್ದೆ. ಈಗ ಸಭಾಗೃಹದಲ್ಲಿ ಪಟವಾಗಿ ನೇತಾಡುವ ಗಡ್ಡದ ಹಿರಿಯರೆಲ್ಲ ಆಗ ತಗಡಿನ ಲೋಟ ಹಿಡಿದು ಸಾಲು ನಿಲ್ಲುತ್ತಿದ್ದರು. ನೀರು ಹೆಪ್ಪುಗಟ್ಟಿದ ದಿನ ಉಳಿದ ಕಾಫಿಯನ್ನೇ ಸೋರೆನ್ ಗಾರೆಗೆ ಸುರಿದು ಕಲಸಿದ್ದ.

"ಆ ಗೋಡೇನೂ ಕಾಫಿ ಕುಡಿದಿದೆ ಕಣೋ. ಅದನ್ನೂ ಹೊರಗೆ ಹಾಕ್ತೀಯಾ?"

ಅವನು ಬೆರಳು ನೆಕ್ಕಿಕೊಂಡ. "ಬಿಟ್ಟೆ ಅಂತ ಬಾಯಲ್ಲಿ ಹೇಳಿಬಿಡಿ ಸಾಕು. ನಾನೇನು ನಿಮ್ಮ ಪಾತ್ರೆ ಮೂಸಿ ನೋಡಲ್ಲ."

ಜಾಡಿ ಒರೆಸುತ್ತಿದ್ದ ಮೊಮ್ಮಗಳು ಥೋರಾ ನನ್ನ ಏಪ್ರನ್ ಹಿಡಿದಳು. "ಹೇಳ್ಬಿಡಜ್ಜಿ. ಎಲ್ಲರೂ ಹಂಗೇ ಹೇಳೋದು."

ತಾಯಿಯಿಲ್ಲದ ಅವಳನ್ನು ಸಾಕಿದವಳು ನಾನು. ಒಂದು ಸುಳ್ಳು ಹೇಳಿದ್ದರೆ ಅವಳ ಪಕ್ಕದಲ್ಲಿರುತ್ತಿದ್ದೆ. ಆದರೆ ಸೋರೆನ್ ಕೆತ್ತಿದ ಬಾಗಿಲಲ್ಲಿ ಕೋಳಿಕಳ್ಳಿಯ ಹಾಗೆ ನುಸುಳಲು ನನ್ನಿಂದಾಗಲಿಲ್ಲ.

"ಕುಡೀತೀನಿ. ನಾಳೇನೂ ಕುಡೀತೀನಿ. ಹೊರಡು."

ಮದುವೆಯ ದಿನ ಒಳ್ಳೆಯ ಟೋಪಿ ಹಾಕಿಕೊಂಡು ಹುಲ್ಲಿನ ಮೇಲೆ, ಗೋಡೆಯ ಹೊರಗೆ ಕೂತೆ. ಥೋರಾ ಹೊರಬಂದವಳು ನನ್ನ ಕುತ್ತಿಗೆ ತಬ್ಬಿಕೊಂಡಳು.

"ಹೆಂಗಿತ್ತೇ ಒಳಗೆ?"

"ನಿನ್ನ ಜಾಗದಲ್ಲಿ ಬಿಷಪ್ಪನ ಹೆಂಡ್ತಿ ಕೂತು ಗೊರಕೆ ಹೊಡೀತಿದ್ಲು, ಅಜ್ಜಿ." ನಗಲು ಹೋಗಿ ಅತ್ತುಬಿಟ್ಟಳು.

ಇದೇ ಕಾಫಿಗಾಗಿ ಸೋರೆನ್‌ನನ್ನೂ ಕೊನೆಗಾಲದಲ್ಲಿ ಆ ಬಾಗಿಲಿನಿಂದ ಹಿಂದೆ ಕಳಿಸಿದ್ದರು. ಅವನು ಸತ್ತ ವರ್ಷವೇ, ಸದಸ್ಯರ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ ಎಂದು ಸಭೆಯ ಮುಖ್ಯ ಕಚೇರಿಗೆ ಕಾಗದ ಬರೆದಿಟ್ಟಿದ್ದೆ. ಹೆಸರುಗೆಟ್ಟವಳ ಮೊಮ್ಮಗಳನ್ನು ಯಾರು ಮದುವೆಯಾಗುತ್ತಾರೆ ಎಂದು ಹೆದರಿ ಕಳಿಸಿರಲಿಲ್ಲ. ಈಗ ಆ ಹೆದರಿಕೆಯೂ ತೀರಿತು.

ಮಾರನೆಯ ಬೆಳಗ್ಗೆ ಆ ಕಾಗದವನ್ನು ಅಂಚೆ ಕಿಂಡಿಯಲ್ಲಿ ತೂರಿಸಿದೆ. ವಿಳಾಸ ಓದಿ ಆರ್ವಲ್ ಬಿಳಿಚಿಕೊಂಡ.

"ಸಿಸ್ಟರ್, ಇದು..."

"ಸಿಸ್ಟರ್ ಗಿಸ್ಟರ್ ಎಲ್ಲ ಮುಗೀತು. ಮುದ್ರೆ ಒತ್ತಯ್ಯ. ಇದು ವ್ಯಾಪಾರ."

ಒತ್ತಿದ. ಚೀಲಕ್ಕೆ ಹಾಕುವವರೆಗೂ ನಾನು ಕದಲಲಿಲ್ಲ.