ಹೀಟರ್ ಕೈಕೊಟ್ಟ ಚಳಿಗಾಲ

ಕಾರು ಕಲಿಸುವುದು ಅವಳ ಕಸುಬು. ಇಪ್ಪತ್ತೆರಡು ವರ್ಷಗಳಿಂದ ಪಕ್ಕದ ಸೀಟಿನಲ್ಲಿ ಕೂತು, ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಊರಿನ ಅರ್ಧ ಜನಕ್ಕೆ ಗೇರು ಹಾಕುವುದನ್ನು ಹೇಳಿಕೊಟ್ಟಿದ್ದಳು. ಪರೀಕ್ಷೆ ಪಾಸಾದವರು ತಿರುಗಿ ಬರುತ್ತಿರಲಿಲ್ಲ. ಬರಬೇಕಾದ ಕೆಲಸವೂ ಇರಲಿಲ್ಲ. ದರ್ಜಿಯಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅವಳೊಬ್ಬಳೇ. ಇಡೀ ದಿನ ಅವಳು ಆಡುವ ಮಾತೆಲ್ಲ ಆ ಕಾರಿನೊಳಗೇ ಮುಗಿದುಹೋಗುತ್ತಿತ್ತು.

ಚಳಿಗಾಲ ಶುರುವಾಗಿ ವಾರ ಕಳೆದಿರಲಿಲ್ಲ, ಕಾರಿನ ಹೀಟರ್ ಕೈಕೊಟ್ಟಿತು. ಗುಂಡಿಯನ್ನು ಕೆಂಪು ಗೆರೆಯ ತುದಿಯವರೆಗೆ ತಿರುಗಿಸಿದರೂ ಫ್ಯಾನು ಬುಸುಗುಟ್ಟುತ್ತಿತ್ತೇ ಹೊರತು ಬರುತ್ತಿದ್ದುದು ತಣ್ಣನೆ ಗಾಳಿ. ಸಿಗ್ನಲ್ಲಿನಲ್ಲಿ ನಿಂತಾಗ ಚೂರು ಬೆಚ್ಚಗಾದಂತೆ ಅನ್ನಿಸುತ್ತಿತ್ತು. ವೇಗ ಹಿಡಿದರೆ ಮತ್ತೆ ಅದೇ ಕತೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಎರಡು ಪಾಠ ಹಲ್ಲು ಕಚ್ಚಿಕೊಂಡು ಕಲಿತಳು. ಮೂರನೆಯ ದಿನ ಫೋನು ಬಂತು: "ಬೇಸಿಗೆ ಬರ್ಲಿ ಮೇಡಂ, ಆಮೇಲೆ ನೋಡೋಣ." ಆಕೆಯ ಹಿಂದೆಯೇ ಹೂವಿನಂಗಡಿಯವಳೂ ಪಾಠ ಬಿಟ್ಟಳು.

ಗ್ಯಾರೇಜಿನವನು ಬಾನೆಟ್ಟಿನೊಳಗೆ ಒಂದು ಕಣ್ಣು ಹಾಯಿಸಿ, "ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಬೇಕಾಗುತ್ತೆ. ನಾಲ್ಕು ದಿನ ಗಾಡಿ ಇಲ್ಲೇ ಬಿಟ್ಟುಹೋಗಿ" ಎಂದ.

ಆ ಎರಡು ಕೋಣೆಗಳಲ್ಲಿ ನಾಲ್ಕು ದಿನ! "ಇನ್ನೊಂದ್ಸಲ ತರ್ತೀನಿ" ಎಂದು ವಾಪಸ್ಸು ಬಂದಳು.

ಚಳಿಗೆ ಜಗ್ಗದೆ ಪಾಠಕ್ಕೆ ಬರುತ್ತಿದ್ದವರು ಒಬ್ಬರೇ, ಅವಳು ಬಾಯ್ಲರ್ ಯಜಮಾನರು ಎಂದು ಕರೆಯುತ್ತಿದ್ದ ಶಿಷ್ಯರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂವತ್ತು ವರ್ಷ ಬಿಸಿನೀರಿನ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತರಾದವರು. ಮನೆಯಲ್ಲಿ ಕಾರು ಓಡಿಸುತ್ತಿದ್ದುದು ಅವರ ಹೆಂಡತಿ. ಆಕೆಯ ಕಣ್ಣು ಮಂಜಾಗುತ್ತಾ ಬಂದದ್ದರಿಂದ ಅರವತ್ತಮೂರರಲ್ಲಿ ಇವರು ಸ್ಟೀರಿಂಗ್ ಹಿಡಿದಿದ್ದರು.

ಒಂದು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅವರೇ ಕೇಳಿದರು: "ಏನು ತಾಯಿ, ಅರ್ಧ ಗಂಟೆ ಓಡಿಸಿದ್ರೂ ಇಂಜಿನ್ ಬಿಸಿ ತೋರಿಸೋ ಈ ಮುಳ್ಳು ಇನ್ನೂ ಹಾಸಿಗೆ ಬಿಟ್ಟು ಎದ್ದೇ ಇಲ್ವಲ್ಲ? ಇಂಜಿನ್ನೇ ಕಾಯದಿದ್ರೆ ಅದು ನಮಗೆಲ್ಲಿಂದ ಬಿಸಿ ಕೊಡುತ್ತೆ?"

ಭಾನುವಾರ ಬೆಳಿಗ್ಗೆ ಬಟ್ಟೆಚೀಲದಲ್ಲಿ ಸ್ಪ್ಯಾನರುಗಳನ್ನು ಹಾಕಿಕೊಂಡು ಅವಳ ಮನೆಯ ಮುಂದೆ ಹಾಜರಾದರು. ಇಂಜಿನ್ ತಣ್ಣಗಿರುವಾಗಲೇ ಅದನ್ನು ತಂಪಾಗಿಡುವ ಕೂಲೆಂಟ್ ನೀರು ನೋಡಿದರು, ಗೆರೆಯವರೆಗೆ ತುಂಬಿತ್ತು. ಆಮೇಲೆ ಇಂಜಿನ್ ಚಾಲೂ ಮಾಡಿಸಿ, ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಮುಟ್ಟಿ ನೋಡಿದರು.

"ಒಂದು ಸುಡ್ತಾ, ಇನ್ನೊಂದು ತಣ್ಣಗಿದ್ದಿದ್ರೆ ಒಳಗೆಲ್ಲೋ ಕಟ್ಟಿಕೊಂಡಿದೆ ಅನ್ನಬಹುದಿತ್ತು. ಎರಡೂ ಉಗುರುಬೆಚ್ಚಗೆ. ಇತ್ತ ರೇಡಿಯೇಟರ್ ಪೈಪು ನೋಡಿ, ಶುರುವಿನಿಂದಲೇ ಬೆಚ್ಚಗಾಗ್ತಿದೆ. ಥರ್ಮೋಸ್ಟಾಟ್ ಬಾಗಿಲು ತೆರ್ಕೊಂಡು ಕೂತ್ಬಿಟ್ಟಿದೆ. ನೀರು ಕಾಯೋಕೆ ಮುಂಚೇನೇ ತಣ್ಣಗಾಗೋಕೆ ಓಡುತ್ತೆ."

ಹೊಸದನ್ನು ಅವಳೇ ಹೋಗಿ ತಂದಳು. ಇಂಜಿನ್ ಆರಿದ ಮೇಲೆ ಅವರು ಹಳೆಯದನ್ನು ಬಿಚ್ಚಿದರು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಸ್ಪ್ರಿಂಗಿನ ಬಿಲ್ಲೆ, ಬಾಯಿ ತೆರೆದೇ ಸೆಟೆದುಕೊಂಡಿತ್ತು.

"ಮನೇಲಿ ಯಾರ್ಯಾರಿದ್ದೀರಿ?" ಬೋಲ್ಟು ಬಿಗಿಯುತ್ತಲೇ ಕೇಳಿದರು.

"ನಾನೊಬ್ಬಳೇ."

ಅವರು ಅಯ್ಯೋ ಅನ್ನಲಿಲ್ಲ. "ಆ ಹತ್ತನೇ ನಂಬರು ಸ್ಪ್ಯಾನರು ಕೊಡಿ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ನಾನೂ ಮೂವತ್ತು ವರ್ಷ ಬಾಯ್ಲರ್ ಜೊತೇನೇ ಮಾತಾಡ್ತಿದ್ದೆ. ಅದು ಎದುರು ಮಾತಾಡ್ತಿರ್ಲಿಲ್ಲ, ಅದೊಂದು ಸುಖ" ಎಂದರು. ಅವಳು ನಕ್ಕಳು. ತನ್ನ ನಗು ತನಗೇ ಅಪರಿಚಿತವೆನಿಸಿತು.

ಕೂಲೆಂಟ್ ತುಂಬಿ, ಹೀಟರ್ ಪೂರ್ತಿ ಇಟ್ಟು, ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬೀಳುವವರೆಗೆ ಕಾದರು. ಆಮೇಲೆ ಊರಾಚೆಯ ರಸ್ತೆಯಲ್ಲಿ ಒಂದು ಸುತ್ತು. ಮುಳ್ಳು ಅರ್ಧಕ್ಕೆ ಏರಿ ನಿಂತಿತು. ಅವಳು ಕೈಗವಸು ತೆಗೆದು ಬೆರಳುಗಳನ್ನು ಕಿಂಡಿಯ ಮುಂದೆ ಹಿಡಿದಳು. ಬಿಸಿಗಾಳಿ.

ವಾಪಸ್ಸು ಬಂದು ನಿಲ್ಲಿಸಿದಾಗ ಅವರು ಹಿಂಜರಿಯುತ್ತಾ ಕೇಳಿದರು: "ಮಂಗಳವಾರ ಪರೀಕ್ಷೆ. ನಿಜ ಹೇಳಿ, ನಾನು ತಯಾರಾಗಿದ್ದೀನಾ? ಬೇಡ ಅಂದ್ರೆ ಇನ್ನೊಂದು ತಿಂಗಳು ಬರ್ತೀನಿ."

ಇನ್ನೊಂದು ತಿಂಗಳು. ವಾರಕ್ಕೆ ಮೂರು ದಿನ, ಈ ಬೆಚ್ಚಗಿನ ಕಾರಿನಲ್ಲಿ, ಈ ಮಾತು. 'ರಿವರ್ಸ್ ಇನ್ನೂ ಸ್ವಲ್ಪ ತಿದ್ದಬೇಕು' ಎಂದರೆ ಅವರು ತುಟಿ ಪಿಟ್ಟೆನ್ನದೆ ನಂಬುತ್ತಿದ್ದರು. ಮಾತು ನಾಲಿಗೆಯ ತುದಿಗೇ ಬಂದಿತ್ತು.

"ನಿಮ್ಮ ರಿವರ್ಸ್ ನನಗಿಂತ ಚೆನ್ನಾಗಿದೆ" ಎಂದಳು. "ಹೋಗಿ ಪರೀಕ್ಷೆ ಕೊಡಿ. ಮನೆಯವರು ಕಾಯ್ತಿರ್ತಾರೆ."

ಮಂಗಳವಾರ ಮೊದಲ ಸಲಕ್ಕೇ ಪಾಸಾದರು. ಸಾರಿಗೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ಹೆಂಡತಿಗೆ ಫೋನು ಮಾಡಿದರು. ಆಮೇಲೆ ತಮಗೆ ಕಾರು ಕಲಿಸಿದವಳ ಎರಡೂ ಕೈಗಳನ್ನು ಹಿಡಿದು, "ಬರ್ತೀನಿ ತಾಯಿ, ಒಂದಿನ ನಿಮ್ಮ ಮನೆ ಕಡೆ ಬಂದು ಹೋಗ್ತೀನಿ" ಎಂದು ಹೇಳಿ ಬಸ್ಸಿಗೆ ಓಡಿದರು.

ಅವರು ಬರಲಿಲ್ಲ. ಬರುತ್ತಾರೆಂದು ಅವಳೂ ಪೂರ್ತಿ ನಂಬಿರಲಿಲ್ಲ. ಆ ವಾರದ ಕೊನೆಗೆ ಬ್ಯಾಂಕಿನ ಹುಡುಗಿಗೆ ತಾನೇ ಫೋನು ಮಾಡಿದಳು.

"ಹೀಟರ್ ಸರಿಹೋಯ್ತು" ಎಂದಳು. "ಬೇಸಿಗೆ ತನಕ ಕಾಯೋದು ಬೇಡ. ನಾಳೆ ಬರ್ತೀಯಾ?"

ಆ ಕಡೆ ಯಾವುದೋ ಗದ್ದಲದ ನಡುವೆ, "ಎಷ್ಟು ಗಂಟೆಗೆ ಮೇಡಂ?" ಎಂದಳು ಹುಡುಗಿ. ಇವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.