ಶನಿವಾರದ ಕೊನೆಯ ಗಂಟೆಯ ಬಿಲ್ಲೆ

ನಾನು ಒಂದು ಮರದ ಬಿಲ್ಲೆ. ಅಂಗೈಯಷ್ಟು ಅಗಲ, ಹೆಬ್ಬೆರಳಷ್ಟು ದಪ್ಪ, ನೆತ್ತಿಯಲ್ಲೊಂದು ತೂತು. ರೇಷ್ಮೆ ಗೂಡಿನ ಮಾರುಕಟ್ಟೆಯ ಜೊತೆ ಗೋಡೆ ಹಂಚಿಕೊಂಡಿರುವ ಒಂದು ಸರ್ಕಾರಿ ಕಾಲೇಜಿನಲ್ಲಿ, ಬೆಂಚು ಮಾಡಿ ಮಿಕ್ಕ ಹಲಸಿನ ಹಲಗೆಯಿಂದ ನನ್ನನ್ನು ಕೊಯ್ದು ತೆಗೆದರು. ಜೊತೆಗೆ ಹುಟ್ಟಿದ ಅಕ್ಕಂದಿರು ಬೇಕಾದಷ್ಟು. ಪ್ರಾಂಶುಪಾಲರ ಕೋಣೆಯ ಗೋಡೆಗೆ ವೇಳಾಪಟ್ಟಿಯ ದೊಡ್ಡ ಹಲಗೆ, ಅದರ ತುಂಬ ಮೊಳೆ. ಯಾವ ದಿನ ಯಾವ ಗಂಟೆಗೆ ಯಾವ ಪಾಠವೋ ಆ ಮೊಳೆಗೆ ಆ ಹೆಸರಿನ ಬಿಲ್ಲೆ. ನೇತಾಡುವುದೇ ನಮ್ಮ ಕೆಲಸ.

ಅಕ್ಕಂದಿರಿಗೆಲ್ಲ ಒಳ್ಳೊಳ್ಳೆ ಮನೆ ಸಿಕ್ಕಿತು. ಒಬ್ಬಳು ಇತಿಹಾಸ, ಒಬ್ಬಳು ರಸಾಯನಶಾಸ್ತ್ರ, ಇನ್ನೊಬ್ಬಳು ವಾಣಿಜ್ಯ. ಕಿರಿಯವಳಾದ ನನ್ನ ಮೇಲೆ ಹಸಿರು ಬಣ್ಣ ಬಳಿದು ‘ಸಾಮಾನ್ಯ ಶಿಕ್ಷಣ’ ಎಂದು ಬರೆದರು. ಆಗಿನ ಪ್ರಾಂಶುಪಾಲರು ನನ್ನನ್ನು ಕೈಯಲ್ಲಿ ಹಿಡಿದು, “ಇದು ಎಲ್ಲಾ ಮಕ್ಕಳಿಗೂ ಸೇರಿದ್ದು ಕಣ್ರೀ” ಎಂದರು. ನಾನು ಉಬ್ಬಿಹೋದೆ. ಕತೆಗಳಲ್ಲಿ ಆನೆ ಮಾಲೆ ಹಿಡಿದು ಬಂದು ಹಾಕುವುದು ಯಾರೂ ಕೇಳದ ಕಿರಿಯವಳ ಕೊರಳಿಗೇ ಅಲ್ಲವೇ? ನನಗೂ ಆನೆ ಬರುತ್ತದೆ ಅಂದುಕೊಂಡೆ. ಬಂದದ್ದು ಶನಿವಾರದ ಕೊನೆಯ ಗಂಟೆ. ಊರಿಗೆ ಹೋಗುವ ಬಸ್ಸುಗಳೆಲ್ಲ ಹಾರ್ನ್ ಹೊಡೆಯುವ ಹೊತ್ತು. ಮಕ್ಕಳ ಒಂದು ಕಾಲು ಬೆಂಚಿನ ಕೆಳಗೆ, ಒಂದು ಕಾಲು ಬಾಗಿಲ ಕಡೆ.

ಪಾಠ ಯಾರು ಮಾಡುತ್ತಿದ್ದರು ಅಂತೀರಾ? ಯಾರಿಗೆ ವಾರದ ಗಂಟೆ ಕಡಿಮೆ ಬಿದ್ದಿದೆಯೋ ಅವರು. ಒಂದು ವರ್ಷ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಬಂತು. ಕೊರಳಲ್ಲಿ ಸೀಟಿ ಹಾಕಿಕೊಂಡೇ ನಿಂತು, “ಪರಿಸರ ಅಂದ್ರೆ ಸುತ್ತಮುತ್ತ ಇರೋದು. ಬರ್ಕೊಳ್ರಪ್ಪಾ” ಎಂದರಂತೆ. ಒಬ್ಬ ಹುಡುಗ, “ಸುತ್ತಮುತ್ತ ಏನಿದೆ ಸಾರ್?” ಎಂದು ಕೇಳಿದ. ಮೇಷ್ಟ್ರು ಸೀಟಿ ಊದಿ ತರಗತಿ ಬಿಟ್ಟರು.

ಇಷ್ಟು ವರ್ಷದಲ್ಲಿ ಆ ಹುಡುಗನ ಪ್ರಶ್ನೆಗೆ ಯಾರೂ ಉತ್ತರ ಹುಡುಕಲಿಲ್ಲ. ನನ್ನ ಹೆಸರನ್ನು ಮಾತ್ರ ಹುಡುಕುತ್ತಲೇ ಇದ್ದರು. ಹೊಸ ಪ್ರಾಂಶುಪಾಲರು ಬಂದರೆ ಒಂದು ಸಮಿತಿ, ಮೇಲಿನಿಂದ ಸುತ್ತೋಲೆ ಬಂದರೆ ಇನ್ನೊಂದು. ‘ನಾಗರಿಕ ಜ್ಞಾನ’ ಎಂದು ನೀಲಿ ಬಳಿದರು. ‘ಪರಿಸರ ಅಧ್ಯಯನ’ ಎಂದು ಮತ್ತೆ ಹಸಿರು. ‘ಜೀವನ ಕೌಶಲ’ ಎಂದು ಹಳದಿ. ಪ್ರತಿ ಸಲವೂ ಹಳೆಯದನ್ನು ಕೆರೆಯದೆ ಅದರ ಮೇಲೆಯೇ ಬಳಿಯುವುದು. ನನಗೆ ಮೈ ಊದಿಕೊಂಡಿತು, ತೂತು ಮುಚ್ಚುತ್ತ ಬಂತು. ಒಳಗಿನ ಪಾಠಕ್ಕೆ ಏನಾದರೂ ಆಯಿತೇ? ರಾಮ ರಾಮಾ! ಅದೇ ಗಂಟೆ, ಅದೇ ಹಾಳೆ ಹಳದಿಯಾದ ನೋಟ್ಸು.

ಆಮೇಲೆ ವೇಳಾಪಟ್ಟಿ ಕಂಪ್ಯೂಟರಿಗೆ ಹೋಯಿತು. ನಮ್ಮನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆಯಲು ಹೊರಟರು. ಆ ದಿನ ಸಭೆಯ ಕೋಣೆಯ ಉದ್ದನೆ ಮೇಜು ಅಲ್ಲಾಡುತ್ತಿತ್ತು. ಅಟೆಂಡರ್ ಮುನಿರಾಜು ಚೀಲಕ್ಕೆ ಕೈ ಹಾಕಿದ, ಎಲ್ಲರಿಗಿಂತ ದಪ್ಪಗಿದ್ದ ನಾನು ಸಿಕ್ಕಿದೆ. ಮೇಜಿನ ಕಾಲಡಿಗೆ ತುರುಕಿದ. ಅರ್ಧ ಮೈ ಒಳಗೆ, ಅರ್ಧ ಹೊರಗೆ. ಅಲ್ಲಿಂದ ನನಗೆ ಮನುಷ್ಯರೆಂದರೆ ಚಪ್ಪಲಿ, ಬೂಟು ಮತ್ತು ಮೇಲಿನಿಂದ ಬರುವ ಮಾತು.

ಹೋದ ವರ್ಷ ಆ ಮೇಜಿನ ಸುತ್ತ ಮತ್ತೊಂದು ಸಮಿತಿ ಕೂತಿತು. ಎಲ್ಲ ವಿದ್ಯಾರ್ಥಿಗಳೂ ಓದಬೇಕಾದ ಸಾಮಾನ್ಯ ಪಾಠವನ್ನು ಹೊಸದಾಗಿ ಕಟ್ಟಬೇಕಂತೆ. ಅಂದರೆ ನನ್ನದೇ ಮಾತು! ಮೈಯೆಲ್ಲ ಕಿವಿಯಾಗಿ ಕೂತೆ. ಲೇಸು ಬಿಚ್ಚಿದ ಕರಿ ಬೂಟು ಪ್ರಾಂಶುಪಾಲ ಚಿಕ್ಕವೆಂಕಟಪ್ಪನವರದು. ಸದಾ ಕುಣಿಯುತ್ತಿದ್ದ ಕಂದು ಬೂಟು ವಾಣಿಜ್ಯ ವಿಭಾಗದ ಗೋಪಿನಾಥರದು. ಚಪ್ಪಲಿ ಕಳಚಿ ಪಾದದ ಮೇಲೆ ಪಾದವಿಟ್ಟವರು ಇತಿಹಾಸದ ಲೀಲಾವತಿ ಮೇಡಂ. ಕೊನೆಯಲ್ಲಿ ಒಂದು ಜೊತೆ ಸವೆದ ಚಪ್ಪಲಿ, ಪಟ್ಟಿಗೆ ಅಂಟಿದ ರೇಷ್ಮೆ ಎಳೆ. ಅದು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ ತಸ್ನೀಮ್ ಅವರದು. ಅವರ ಮನೆಯಲ್ಲಿ ನೂಲು ಬಿಚ್ಚುವ ಕಸುಬು.

ತಸ್ನೀಮ್ ಮೇಜಿನ ಮೇಲೆ ಒಂದು ತಟ್ಟೆ ಇಟ್ಟ ಸದ್ದಾಯಿತು.

“ಇವು ಜೀವ ಇರೋ ಗೂಡು ಸಾರ್. ವರ್ಷಪೂರ್ತಿ ಇದೊಂದನ್ನೇ ಪಾಠ ಮಾಡೋಣ. ಹುಳು ಹೇಗೆ ಬೆಳೆಯುತ್ತೆ, ಬಿಸಿನೀರಲ್ಲಿ ಎಳೆ ಯಾಕೆ ಬಿಚ್ಚುತ್ತೆ, ಹರಾಜು ಹೇಗೆ ನಡೆಯುತ್ತೆ, ಸೀರೆ ಯಾರು ನೇಯ್ತಾರೆ, ಯಾರು ಉಡ್ತಾರೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಲ್ಲಾ ಒಟ್ಟಿಗೆ ಕೂತ್ಕೊಳ್ಳಲಿ. ಗೋಡೆ ಆಚೆಗೇ ಮಾರುಕಟ್ಟೆ ಇದೆ. ನಮ್ಮ ಮಕ್ಕಳು ಮೂರು ವರ್ಷ ಅದರ ವಾಸನೆ ಕುಡಿದು ಹೋಗ್ತಾರೆ, ಒಳಗೆ ಕಾಲಿಡಲ್ಲ.”

ಆ ಹುಡುಗನ ‘ಸುತ್ತಮುತ್ತ ಏನಿದೆ ಸಾರ್’ಗೆ ಉತ್ತರ ಬಂದೇಬಿಟ್ಟಿತು! ಇದೊಂದು ದಾಟಿದರೆ ನನ್ನ ಗಂಟೆಗೆ ಕೊನೆಗೂ ಒಂದು ಜೀವ.

“ಬಹಳ ಚೆನ್ನಾಗಿದೆ ಮೇಡಂ,” ಎಂದರು ಗೋಪಿನಾಥ. “ಆದ್ರೆ ಮಾರ್ಕೆಟಿಂಗ್ ಬಗ್ಗೆ ಒಂದು ಯೂನಿಟ್ ನಮಗೆ ಬೇಕಾಗುತ್ತೆ.”

“ಹಾಗಾದ್ರೆ ನಮಗೂ ಒಂದು,” ಎಂದರು ಲೀಲಾವತಿ ಮೇಡಂ. “ಬಿಟ್ಟುಕೊಟ್ರೆ ನಮ್ಮ ಡಿಪಾರ್ಟ್‌ಮೆಂಟಿಗೆ ಗಂಟೆ ಎಲ್ಲಿಂದ ತರೋದು?”

ಸಭೆಯ ಮೇಲೆ ಸಭೆ ಆಯಿತು. ಯೂನಿಟ್ಟುಗಳು ಬೆಳೆದವು, ಗೂಡು ಸಣ್ಣದಾಗುತ್ತ ಬಂತು. ಮಾರುಕಟ್ಟೆಗೆ ಹೋಗಲು ಮೇಲಿನ ಅನುಮತಿ, ಬಸ್ಸಿನ ವ್ಯವಸ್ಥೆ ಬೇಕೆಂದು ತಕರಾರು ಬಂತು.

“ಗೋಡೆ ಆಚೆ ಸಾರ್! ಬಸ್ಸು ಎಲ್ಲಿ ತಿರುಗಿಸ್ತೀರಾ?” ಎಂದರು ತಸ್ನೀಮ್.

“ನಿಯಮ ಅಂದ್ರೆ ನಿಯಮ ಅಲ್ವೇನಮ್ಮಾ,” ಎಂದರು ಪ್ರಾಂಶುಪಾಲರು. ಮಾತಿನ ಗದ್ದಲದಲ್ಲಿ ತಟ್ಟೆಯನ್ನು ಎಲ್ಲರೂ ಮರೆತರು. ಗೂಡಿನೊಳಗಿನ ಜೀವಕ್ಕೆ ಸಮಿತಿಯ ಗೊಡವೆ ಏನು?

ಒಂದು ಶುಕ್ರವಾರ ಬಾಗಿಲು ತೆಗೆದವರೇ ಲೀಲಾವತಿ ಮೇಡಂ ಕಿರುಚಿದರು. “ಅಯ್ಯೋ, ಎದ್ದುಬಿಟ್ಟಿವೆ ಕಣ್ರೀ!”

ಗೂಡು ಕೊರೆದುಕೊಂಡು ಚಿಟ್ಟೆಗಳು ಹೊರಗೆ ಬಂದಿದ್ದವು. ಅವುಗಳಲ್ಲೊಂದು ಮೇಜಿನಂಚಿನಿಂದ ಜಾರಿ ನನ್ನ ಪಕ್ಕಕ್ಕೇ ಬಿತ್ತು: ಕೆನೆಬಣ್ಣ, ಗರಿಯಂಥ ಮೀಸೆ, ಪಟಪಟ ನಡುಗುವ ರೆಕ್ಕೆ. ಬೂಟು ಚಪ್ಪಲಿಗಳೆಲ್ಲ ಒಂದೇ ಕಡೆಗೆ ಸರಿದವು. ಕಂದು ಬೂಟು ಮೊದಲ ಸಲ ಕುಣಿತ ನಿಲ್ಲಿಸಿತು.

“ಹಾರಲ್ವೇ ಇದು?”

“ಹಾರಲ್ಲ ಸಾರ್. ಸಾವಿರಾರು ವರ್ಷ ಮನುಷ್ಯರು ಸಾಕಿ ಸಾಕಿ ಮರೆತುಬಿಟ್ಟಿದೆ.”

“ಏನು ತಿನ್ನುತ್ತೆ?”

“ಏನೂ ತಿನ್ನಲ್ಲ. ಹುಳು ಆಗಿದ್ದಾಗ ತಿಂದಿದ್ದಷ್ಟೇ.”

“ತೂತಾದ ಗೂಡಿಗೆ ಬೆಲೆ ಬರುತ್ತಾ?” ಗೋಪಿನಾಥರ ದನಿ ಮಗುವಿನದಾಗಿತ್ತು.

“ಬರುತ್ತೆ, ಕಮ್ಮಿ. ಉದ್ದ ಎಳೆ ಸಿಗಲ್ವಲ್ಲ, ಅದಕ್ಕೆ.”

“ಹಂಗಾದ್ರೆ ಚಿಟ್ಟೆ ಬರೋಕ್ಕೆ ಮುಂಚೆ ಒಳಗಿರೋದನ್ನ…” ಲೀಲಾವತಿ ಮೇಡಂ ಮಾತು ಅರ್ಧಕ್ಕೇ ನಿಂತಿತು. ಬೆರಳು ಸೀರೆಯ ಸೆರಗನ್ನು ಹಿಡಿದುಕೊಂಡದ್ದು ಕೆಳಗಿನಿಂದ ಕಂಡಿತು. “ನಾನು ಯೋಚನೇನೇ ಮಾಡಿರಲಿಲ್ಲ.”

ಚಹಾ ಆರಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಪಾಠ ಅಂದರೆ ಇದೇ ಅಲ್ಲವೇ, ಇದನ್ನೇ ಅಲ್ಲವೇ ಆಕೆ ಕೇಳುತ್ತಿರುವುದು ಎಂದು ಕೂಗಬೇಕೆನಿಸಿತು ನನಗೆ. ಮರಕ್ಕೆ ಬಾಯಿಲ್ಲ.

ಪ್ರಾಂಶುಪಾಲರು ಕೆಮ್ಮಿದರು. “ಆಯ್ತು, ಹೊತ್ತು ವ್ಯರ್ಥ ಆಯ್ತು. ಹೆಸರೊಂದು ಇವತ್ತೇ ತೀರ್ಮಾನ ಮಾಡಿಬಿಡೋಣ.”

ತೀರ್ಮಾನವಾಯಿತು: ‘ಸಮಗ್ರ ಜೀವನ ದರ್ಶನ’. ಐದು ವಿಭಾಗಕ್ಕೆ ಐದು ಯೂನಿಟ್. ಗೂಡು ಒಂದರಲ್ಲೂ ಇರಲಿಲ್ಲ. ಶನಿವಾರದ ಕೊನೆಯ ಗಂಟೆ ಯಾರಿಗೂ ಬೇಡವಾದ್ದರಿಂದ ಅದನ್ನು ತಸ್ನೀಮ್‌ಗೇ ಕೊಟ್ಟರು. ಸವೆದ ಚಪ್ಪಲಿ ತಟ್ಟೆಯನ್ನೂ ಮರೆತು ಹೊರಟುಹೋಯಿತು.

ಮಾರನೆಯ ದಿನ ತಟ್ಟೆ ಒಯ್ಯಲು ಆಕೆ ಬಂದರು. ಮೂಲೆಯಲ್ಲಿ ಪ್ರಾಂಶುಪಾಲರು ಹೊಸ ಪಠ್ಯದ ಕರಡು ಹರಡಿಕೊಂಡು ಚಹಾ ಕುಡಿಯುತ್ತಿದ್ದರು. ನೆಲಕ್ಕೆ ಬಿದ್ದ ಚಿಟ್ಟೆಯನ್ನು ಹುಡುಕಲು ಬಗ್ಗಿದ ತಸ್ನೀಮ್ ನನ್ನನ್ನು ನೋಡಿ “ಅರೆ!” ಎಂದರು. ಆ ಚಿಟ್ಟೆಗೆ ತಟ್ಟೆಯಲ್ಲೇ ಜೋಡಿ ಕೂಡಿತ್ತು. ರಾತ್ರಿಯೆಲ್ಲ ಅದು ನನ್ನ ಹೊರಗಿನ ಅರ್ಧ ಮೈಯ ಮೇಲೆ, ಅಷ್ಟೂ ಬಣ್ಣಗಳ ಮೇಲೆ, ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ಒತ್ತೊತ್ತಾಗಿ ಇಟ್ಟಿತ್ತು.

ತಸ್ನೀಮ್ ಮೇಜನ್ನು ತುಸು ಎತ್ತಿ ನನ್ನನ್ನು ಮೆಲ್ಲಗೆ ಎಳೆದುಕೊಂಡರು. ಮೇಜು ವಾಲಿತು. ಚಹಾ ಪೂರ್ತಿ ಸಮಗ್ರ ಜೀವನ ದರ್ಶನದ ಮೇಲೆ ಹರಿಯಿತು.

ಈಗ ನಾನು ಪ್ರಾಣಿಶಾಸ್ತ್ರದ ಕೋಣೆಯ ಕಿಟಕಿಯಲ್ಲಿದ್ದೇನೆ. ಶನಿವಾರದ ಕೊನೆಯ ಗಂಟೆ ಮಕ್ಕಳು ನನ್ನ ಮೇಲೆ ಮುಗಿಬೀಳುತ್ತಾರೆ. ಮೊಟ್ಟೆ ಒಡೆದು ಕೂದಲೆಳೆಯಂಥ ಕರಿ ಹುಳುಗಳು ಬಂದ ದಿನ, ಬಿ.ಕಾಂ. ಹುಡುಗಿಯೊಬ್ಬಳು ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತ ಬಸ್ಸನ್ನೇ ತಪ್ಪಿಸಿಕೊಂಡಳು. ಇನ್ನೊಬ್ಬ ಗೋಡೆಯ ಕಡೆ ನೋಡಿ, “ಮೇಡಂ, ಹರಾಜು ಎಷ್ಟೊತ್ತಿಗೆ?” ಎಂದ. ತಸ್ನೀಮ್ ಚಪ್ಪಲಿ ಮೆಟ್ಟಿಕೊಂಡರು. ಎಲ್ಲರೂ ಹಿಂದೆ ಹೊರಟರು. ಅನುಮತಿಯೂ ಇಲ್ಲ, ಬಸ್ಸೂ ಇಲ್ಲ.

ನಿನ್ನೆ ಮುನಿರಾಜು ಬಂದಿದ್ದ. ತಪಾಸಣೆಗೆ ಯಾರೋ ಬರುತ್ತಾರಂತೆ, ಹಳೆಯ ಬಿಲ್ಲೆಗಳಿಗೆಲ್ಲ ಹೊಸ ಬಣ್ಣ ಬಳಿದು ಗೋಡೆಗೆ ಹಾಕಬೇಕಂತೆ. ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಇನ್ನೊಂದು ಕೈ ನನ್ನ ಕಡೆ.

“ಅದನ್ನ ಮುಟ್ಟಬೇಡಿ ಮುನಿರಾಜಣ್ಣ,” ಎಂದರು ತಸ್ನೀಮ್. “ಅದು ಪಾಠ ಮಾಡ್ತಿದೆ.”

ಅವನು ನನ್ನನ್ನೊಮ್ಮೆ ನೋಡಿ, ಡಬ್ಬಿಯ ಮುಚ್ಚಳ ಒತ್ತಿಕೊಂಡು ಹೋದ. ಕಿರಿಯವಳ ಕೊರಳಿಗೆ ಮಾಲೆ ತರಬೇಕಾದ ಆನೆ ಇಷ್ಟು ಪುಟ್ಟದಾಗಿರುತ್ತದೆ, ಸೊಪ್ಪು ಮೇಯುತ್ತ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸಭೆಯ ಮೇಜು ಈಗಲೂ ಅಲ್ಲಾಡುತ್ತಿದೆಯಂತೆ. ಅದರ ಕಾಲಡಿ ಏನಿಡಬೇಕೆಂದು ಯೋಚಿಸಲು ಒಂದು ಉಪಸಮಿತಿ ಮಾಡಿದ್ದಾರೆ.